ಕಕ್ಷಿದಾರರ ಬೆಂಚಿನಲ್ಲಿ ಕೂತ ವಕೀಲ

"ನಿಮ್ಮದು ಎಂತ ಕೇಸು ಮಾರಾಯ್ರೆ? ಜಾಗದ್ದಾ?"

ನಾನು ಬಾಯಿ ತೆರೆಯುವ ಮೊದಲೇ ಬೆಂಚಿನಲ್ಲಿ ಪಕ್ಕಕ್ಕೆ ಕೂತಿದ್ದ ಆಕೆ ತೀರ್ಪನ್ನೂ ಕೊಟ್ಟುಬಿಟ್ಟರು. "ಜಾಗದ್ದೇ. ಮುಖ ನೋಡಿದ್ರೆ ಗೊತ್ತಾಗ್ತದೆ, ಸೋತು ಸುಣ್ಣ ಆಗಿದ್ದೀರಿ."

(ಕೇಳಿದ್ದು ತುಳುವಿನಲ್ಲಿ. ಬೈಗುಳದ ಹಾಗೆ ಕೇಳಿಸುವ ಆ ಪ್ರೀತಿ ಕನ್ನಡದಲ್ಲಿ ಅರ್ಧ ಸೋರಿಹೋಗಿದೆ.)

ನಾನು ಕಕ್ಷಿದಾರನಲ್ಲ, ವಕೀಲ! ಎಪ್ಪತ್ತರ ದಶಕದ ಕೊನೆ. ಕದ್ರಿಯ ಒಬ್ಬ ದೊಡ್ಡ ವಕೀಲರ ಆಫೀಸಿನಲ್ಲಿ ಜೂನಿಯರ್. ಸಂಬಳ? ಆ ಶಬ್ದ ಎತ್ತುವ ಹಾಗೇ ಇರಲಿಲ್ಲ. ಕುರ್ಚಿಯೂ ಇರಲಿಲ್ಲ. ಜೂನಿಯರ್‌ಗಳು ನಿಂತೇ ಕಲಿಯಬೇಕು ಎಂಬುದು ಸೀನಿಯರರ ಸಿದ್ಧಾಂತ. ಕಾಲು ಸೋತಾಗ ಜಗಲಿಗೆ ಬಂದು ಕಕ್ಷಿದಾರರ ಬೆಂಚಿನಲ್ಲಿ ಕೂರುತ್ತಿದ್ದೆ.

ಆಕೆ ಬೆಂಗ್ರೆಯ ಗಿರಿಜಕ್ಕ. ಮೀನು ಮಾರುವವರು. ಗಂಡ ತೀರಿಕೊಂಡ ಮೇಲೆ ಭಾವ ಅವರನ್ನು ಮನೆಯಿಂದ ಹೊರಹಾಕಲು ನೋಡುತ್ತಿದ್ದ. ನಾನು ವಕೀಲ ಎಂದು ಹೇಳಿದರೆ ನಂಬಲೇ ಇಲ್ಲ. "ವಕೀಲರಾದ್ರೆ ಒಳಗೆ ಕೂರ್ತಿರಲಿಲ್ವಾ?"

ಬಂದಾಗಲೆಲ್ಲ ಗೋಳಿಬಜೆಯ ಪೊಟ್ಟಣ ಬಿಚ್ಚಿ, "ತಿನ್ನಿ, ಕೇಸು ಮುಗಿಯುವವರೆಗೆ ಜೀವ ಇರಬೇಕಲ್ಲ" ಎನ್ನುತ್ತಿದ್ದರು. ತಿನ್ನುತ್ತಾ ಅವರ ಕಥೆಯೆಲ್ಲ ಕೇಳಿದೆ. ನನಗೆ ನಿಜಕ್ಕೂ ಹಸಿವಿರುತ್ತಿತ್ತು. ಭೂಮಸೂದೆಯಲ್ಲಿ ಗದ್ದೆಗಳು ಗೇಣಿದಾರರ ಪಾಲಾದ ಮೇಲೆ ಮನೆಯಲ್ಲಿ ದುಡ್ಡು ಕೇಳಲು ಮುಖವಿರಲಿಲ್ಲ. ಬೊಂಬಾಯಿಯ ಮಾವ ತಮ್ಮ ಹೋಟೆಲಿನ ಗಲ್ಲಾದಲ್ಲಿ ಕೂರಲು ಕರೆದಿದ್ದರು. ಕೋಟು ಕಳಚಿಟ್ಟು ಹೋಗುವುದೆಂದು ಬಸ್ಸಿನ ಟಿಕೆಟನ್ನೂ ಮಾಡಿಸಿದ್ದೆ.

ಆ ವಾರವೇ ಗಿರಿಜಕ್ಕನ ತಡೆಯಾಜ್ಞೆಯ ಅರ್ಜಿ ಕೋರ್ಟಿಗೆ ಬಂತು. ಸೀನಿಯರ್ ಇನ್ನೊಂದು ಕೋರ್ಟಿನಲ್ಲಿದ್ದರು. ವಾಯಿದೆ ಕೇಳಿ ಕೇಸು ಮುಂದಕ್ಕೆ ಹಾಕಿಸು, ಬೇರೇನೂ ಬಾಯಿ ಬಿಡಬೇಡ ಎಂದು ನನಗೆ ಅಪ್ಪಣೆಯಾಗಿತ್ತು. ಕಪ್ಪು ಗೌನಿನಲ್ಲಿ ನನ್ನನ್ನು ಕಂಡು ಗಿರಿಜಕ್ಕ ಬೆಚ್ಚಿಬಿದ್ದರು.

"ಅಯ್ಯೋ, ನೀವು ನಿಜವಾಗಿ ವಕೀಲರಾ!" ವಾಯಿದೆ ಕೇಳಲು ಬಂದಿದ್ದೇನೆ ಎಂದೊಡನೆ ನನ್ನ ತೋಳು ಹಿಡಿದರು. "ವಾಯಿದೆ ಬೇಡ. ಅಷ್ಟರಲ್ಲಿ ಭಾವ ಬೀಗ ಹಾಕ್ತಾನೆ. ನನ್ನ ಕಥೆ ಎಲ್ಲ ನಿಮಗೆ ಗೊತ್ತುಂಟಲ್ಲ? ಅದನ್ನೇ ಹೇಳಿ."

ಹೇಳಿದೆ. ಇಂಗ್ಲಿಷ್ ಎಡವುತ್ತಿತ್ತು. ಆದರೆ ಆ ಮನೆಯ ಕಷ್ಟ ನನಗೆ ನನ್ನ ಮನೆಯಷ್ಟೇ ಗೊತ್ತಿತ್ತು. ತಡೆಯಾಜ್ಞೆ ಸಿಕ್ಕಿತು!

ಸಂಜೆ ಸೀನಿಯರ್ ಗುಡುಗಿದರು. "ಯಾರನ್ನು ಕೇಳಿ ಬಾಯಿ ಬಿಟ್ಟದ್ದು?"

"ನನ್ನನ್ನು ಕೇಳಿ," ಎಂದಿತು ಬಾಗಿಲಲ್ಲಿ ನಿಂತಿದ್ದ ಗಿರಿಜಕ್ಕನ ಸ್ವರ.

ಸೀನಿಯರ್ ಮುಂದಿನ ಫೈಲು ಎಳೆದುಕೊಂಡರು. ನಾನು ಟಿಕೆಟ್ ಕ್ಯಾನ್ಸಲ್ ಮಾಡಿಸಿದೆ. ಇವತ್ತು ನನ್ನ ಹೆಸರಿನದೊಂದು ಬೋರ್ಡು ಇದ್ದರೆ ಅದು ಆ ತಾಯಿಯ ಋಣ. ನೆನೆದರೆ ಈಗಲೂ ಕಣ್ಣು ಒದ್ದೆಯಾಗುತ್ತದೆ.

ಮೊನ್ನೆ ಗೆಳೆಯನೊಬ್ಬ (ಅವನೂ ಈಗ ದೊಡ್ಡ ವಕೀಲನೇ) ಫೋನಿನಲ್ಲಿ ಸಿಡುಕಿದ. "ಈಗಿನ ಜೂನಿಯರ್‌ಗಳಿಗೆ ತಿಂಗಳು ತಿಂಗಳು ಸಂಬಳ ಬೇಕಂತೆ ಮಾರಾಯ! ನಾವೆಲ್ಲ ಬಿಟ್ಟಿ ದುಡಿದೇ ಮೇಲೆ ಬಂದದ್ದಲ್ವಾ?"

ನನಗೆ ಸಿಟ್ಟು ಬಂತು. ಗಿರಿಜಕ್ಕನಂಥವರು ಸಿಗದೆ ಬೊಂಬಾಯಿ ಬಸ್ಸು ಹತ್ತಿದವರೆಲ್ಲ ಅವನ 'ನಾವೆಲ್ಲ'ದೊಳಗೆ ಬರುತ್ತಾರಾ?