ಉಂಗುರದ ಎರಡು ಹಲ್ಲು

ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರಿನ ರಿಪೇರಿ ಅಂದರೆ ನಲ್ಲಿ ಮೇಸ್ತ್ರಿಯದು ಎತ್ತಿದ ಕೈ. ಆ ಕೈಯೇ ಅವನ ಮನೆ ಹಾಳು ಮಾಡಿದ್ದು. ಮೂವತ್ತೈದು ವರ್ಷ ಪೈಪು, ಸ್ಪ್ಯಾನರು, ಬೆಸುಗೆಯ ಕಾವು ಹಿಡಿದು ಹಿಡಿದು ಅಂಗೈ ಕೊರಡಾಗಿತ್ತು. ಹೊಗೆಯಾಡುವ ಟೀ ಲೋಟವನ್ನು ಬರಿಗೈಯಲ್ಲಿ ಎತ್ತಿ, "ಇದೇನೇ, ತಣ್ಣಗಾಗಿದೆ?" ಅನ್ನುವ ಆಸಾಮಿ.

"ನಿಮ್ಮದು ಕೈಯಲ್ಲ ಕಣ್ರೀ, ಇಕ್ಕಳ. ನೀರು ನೋಡೋಕೆ ಒಂದು ಥರ್ಮಾಮೀಟರ್ ಇಟ್ಕೊಳ್ಳಿ" ಎಂದು ಹೆಂಡತಿ ನಗುತ್ತಿದ್ದಳು.

"ಯಾಕೆ, ನಲ್ಲಿಗೆ ಜ್ವರ ಬಂದಿದೆಯಾ?" ಎಂದು ಇವನು ಹಾರಿಸಿಬಿಡುತ್ತಿದ್ದ.

ಹೆಂಡತಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಸಂಜೆಯಾದರೆ ಕಾಲು ಜೋಮು ಅಂತ ಬಚ್ಚಲಲ್ಲಿ ಸ್ಟೂಲ್ ಹಾಕಿಕೊಂಡು, ಟಬ್ಬಿಗೆ ಬಿಸಿನೀರು ಬಿಟ್ಟು, ಪಾದ ಇಳಿಬಿಟ್ಟು ಕೂರುತ್ತಿದ್ದಳು.

"ರೀ, ಊರಿನ ನಲ್ಲಿಯೆಲ್ಲ ನಿಮಗೆ ನೆನಪಿರುತ್ತೆ, ಮನೇದು ಮಾತ್ರ ಕಣ್ಣಿಗೆ ಬೀಳಲ್ಲ. ಕಾಲಿಗೆ ಬಿಸಿ ಹತ್ತೋದೇ ಇಲ್ಲ" ಎಂದು ಒಂದು ದಿನ ಮೂಗು ಮುರಿದಳು.

ಮೇಸ್ತ್ರಿಗೆ ಅವಮಾನವೇ ಆಯಿತು. ಬಾಯ್ಲರ್ ನೋಡಿದ, ಸರಿಯಿತ್ತು. ನಲ್ಲಿಬಾಯಿಯ ಜಾಲರಿ ತಿಕ್ಕಿದ, ಒಳಗಿನ ಬಿಡಿಭಾಗ ಬದಲಾಯಿಸಿದ. "ಊಹೂಂ, ಹಾಗೇ ಇದೆ" ಅಂದಳು. ಉಳಿದದ್ದು ಉಂಗುರ. ಮಿಕ್ಸರಿನ ಹಿಡಿಯ ಕೆಳಗಿರುವ ಪುಟ್ಟ ಸ್ಕ್ರೂ ಬಿಚ್ಚಿ ಹಿಡಿ ಕಳಚಿದರೆ, ಒಳಗೆ ಹಲ್ಲುಹಲ್ಲಾದ ಪ್ಲಾಸ್ಟಿಕ್ ಉಂಗುರ ಇರುತ್ತದೆ. ಹಿಡಿ ಬಿಸಿಯ ಕಡೆಗೆ ಎಷ್ಟು ತಿರುಗಬೇಕೆಂದು ತೀರ್ಮಾನಿಸುವುದು ಅದು. ಅದನ್ನು ಒಂದು ಹಲ್ಲು ಆಚೆ ಸರಿಸಿ ಕೂರಿಸಿದ. ವಾರ ಕಳೆದರೂ ಅವಳದು ಅದೇ ರಾಗ. ಇನ್ನೊಂದು ಹಲ್ಲು ಸರಿಸಿದ. ನೀರಿಗೆ ಕೈಯೊಡ್ಡಿ, "ಈಗ ಹದವಾಗಿದೆ ನೋಡು" ಅಂದ. ಅಯ್ಯೋ ಪುಣ್ಯಾತ್ಮ, ಆ ಕೈಗೆ ಏನು ತಿಳಿಯುತ್ತದೆ! ನೀರು ಬಿಸಿಯಿಲ್ಲ ಅಂದರೆ ಕೆಟ್ಟಿರುವುದು ನಲ್ಲಿಯೇ, ಅವನ ಕಸುಬು ಕಲಿಸಿದ್ದು ಅಷ್ಟೇ. ಅವಳ ಪಾದಗಳೇ ಸತ್ತುಹೋಗಿವೆ ಎಂದು ಅವನಿಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಮಾರನೇ ಸಂಜೆ ಅವಳು ಬಚ್ಚಲಿಂದ ಹೊರಬಂದಾಗ ಎರಡೂ ಪಾದದ ಚರ್ಮ ಸುಲಿದು ನೇತಾಡುತ್ತಿತ್ತು. ಮೇಸ್ತ್ರಿ ಆ ಪಾದಗಳನ್ನೇ ನೋಡಿದ.

"ಯಾಕ್ರೀ ಹಾಗೆ ನೋಡ್ತೀರಿ? ಸೋಪು ಮೆತ್ತಿದೆಯಾ?" ಎಂದು ಕೇಳಿದಳು.

ಆಸ್ಪತ್ರೆಯಲ್ಲಿ ಡಾಕ್ಟರು, "ಮಿಕ್ಸರಿನಲ್ಲಿ ಇಷ್ಟೊಂದು ಬಿಸಿ ಬರೋ ಹಾಗೆ ಯಾರಮ್ಮ ಮಾಡಿದ್ದು?" ಎಂದು ಗದರಿದರು. ಹೆಂಡತಿಯೇ ಬಾಯಿ ಹಾಕಿದಳು. "ನಾನೇ ಡಾಕ್ಟ್ರೇ. ಏನೋ ತಿರುಗಿಸಿಬಿಟ್ಟೆ. ಇವರಿಗೆ ಗೊತ್ತೇ ಇಲ್ಲ."

ಪಕ್ಕದಲ್ಲಿದ್ದ ಮಗಳು ಉರಿದುಬಿದ್ದಳು. "ಅಪ್ಪ ಮನೇಲೇ ಇರೋವಾಗ ನೀನ್ಯಾಕಮ್ಮ ಕೈ ಹಾಕೋಕೆ ಹೋದೆ? ನಿನ್ನ ಮೊಂಡುತನ ಯಾವಾಗ ಬಿಡ್ತೀಯ?" ತಾಯಿ ತಲೆ ತಗ್ಗಿಸಿ ಬೈಸಿಕೊಂಡಳು. ಮೇಸ್ತ್ರಿ ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ನಾಳೆ ಹೇಳೋಣ, ಮನೆಗೆ ಬಂದ ಮೇಲೆ ಹೇಳೋಣ ಎಂದುಕೊಂಡ. ಗಾಯ ಕೀವಾಗಿ, ನಂಜು ಮೈಗೆಲ್ಲ ಏರಿ, ನಲವತ್ತೊಂದನೇ ದಿನ ಅವಳು ಹೋಗಿಬಿಟ್ಟಳು. ಮನೆಗೆ ಬರಲೇ ಇಲ್ಲ.

ಅಲ್ಲಿಂದೀಚೆಗೆ ಮೇಸ್ತ್ರಿಯ ಜೇಬಿನಲ್ಲಿ ಥರ್ಮಾಮೀಟರ್ ಇರುತ್ತದೆ. ವರ್ಷವಾದರೂ ಮಗಳ ಬಾಯಲ್ಲಿ ಮಾತ್ರ ಅದೇ ಮಾತು, "ಅಮ್ಮನ ಮೊಂಡುತನವೇ ಅಮ್ಮನ್ನ ತಿಂದುಹಾಕ್ತು." ನಿಜ ಹೇಳಿದರೆ ಇದ್ದ ಒಬ್ಬ ಮಗಳೂ ದೂರವಾಗುತ್ತಾಳೆಂಬ ಭಯ ಬಾಯಿ ಮುಚ್ಚಿಸುತ್ತಿತ್ತು.

ಮೊನ್ನೆ ಮಗಳು ಹೊಸ ಬಾಡಿಗೆ ಮನೆಗೆ ಹೋದಳು. "ಅಪ್ಪಾ, ಬಚ್ಚಲಲ್ಲಿ ಬರೀ ಉಗುರುಬೆಚ್ಚಗೆ ಬರುತ್ತೆ, ಬಂದು ನೋಡು" ಎಂದು ಕರೆದಳು. ಅಡುಗೆಮನೆಯ ನಲ್ಲಿಯಲ್ಲಿ ಒಳ್ಳೆ ಬಿಸಿ ಇತ್ತು, ಅಂದರೆ ಬಾಯ್ಲರ್ ಸರಿಯಿದೆ. ಬಚ್ಚಲಲ್ಲಿ ಥರ್ಮಾಮೀಟರ್ ಹಿಡಿದರೆ ಮೂವತ್ತನಾಲ್ಕು ಡಿಗ್ರಿ. ಮೇಸ್ತ್ರಿ ಸ್ಕ್ರೂ ಬಿಚ್ಚಿ ಹಿಡಿ ಕಳಚಿದ. ಮಗಳು ಬಗ್ಗಿ ನೋಡುತ್ತಿದ್ದಳು.

"ಇದೇನಪ್ಪಾ, ಹಲ್ಲಿರೋದು?"

"ಬಿಸಿ ಹೆಚ್ಚು ಕಮ್ಮಿ ಮಾಡೋ ಉಂಗುರ. ತಣ್ಣನೆ ಕಡೆಗೆ ಕೂರಿಸಿದ್ದಾರೆ."

"ಮೇಲಿನಿಂದ ತಿರುಗಿಸೋಕಾಗಲ್ವಾ?"

"ಆಗಲ್ಲ. ಸ್ಕ್ರೂ ಬಿಚ್ಚಲೇಬೇಕು" ಎಂದುಬಿಟ್ಟ ಮೇಸ್ತ್ರಿ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಮಗಳು ನೆಟ್ಟಗೆ ನಿಂತಳು. "ಅಮ್ಮಂಗೆ ಸ್ಕ್ರೂಡ್ರೈವರ್ ಹಿಡಿಯೋಕೇ ಬರ್ತಿರಲಿಲ್ಲ" ಅಂದಳು.

ಇನ್ನೊಂದು ಸುಳ್ಳು ಬೇಕಿದ್ದರೆ ಬಾಯಿಯ ಹತ್ತಿರವೇ ಇತ್ತು. ಅದನ್ನು ನುಂಗಿಕೊಂಡ. "ನಾನೇ ಕಣಮ್ಮ. ಎರಡು ಹಲ್ಲು ಸರಿಸಿದ್ದೆ. ಅವಳು ನನ್ನನ್ನ ಉಳಿಸೋಕೆ ಹಾಗಂದಳು."

ಮಗಳು ಕೂಗಾಡುತ್ತಾಳೆ ಎಂದುಕೊಂಡಿದ್ದ. ಅವಳು ಗೋಡೆಗೆ ಒರಗಿ ಹಾಗೇ ಕುಸಿದು ಕೂತಳು.

"ನಾನು ಅಮ್ಮಂಗೆ ಬೈದೆನಲ್ಲಪ್ಪಾ" ಎಂದಳು. "ನಲವತ್ತೊಂದು ದಿನ ದಿನಾ ಬೈದೆ. ಅಮ್ಮ ಬೇಕಂತಲೇ ಬೈಸಿಕೊಂಡಳು. ನೀನು ಪಕ್ಕದಲ್ಲೇ ಕೂತಿದ್ದೆಯಲ್ಲ. ಒಂದು ಮಾತು ಆಡಬಾರದಿತ್ತಾ?"

ಮಗಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ಮೇಸ್ತ್ರಿಯ ಕೈಯಲ್ಲಿದ್ದ ಉಂಗುರದ ಕಡೆ ನೋಡಿದಳು.

"ಅದನ್ನ ಇದ್ದ ಹಾಗೇ ಕೂರಿಸಿಬಿಡಪ್ಪಾ. ಈ ಮನೇಲಿ ನೀರು ತಣ್ಣಗೇ ಇರಲಿ."