ದೊರೆ ಕೂತ ಕಲ್ಲು

ಟಪಾಲಿನ ತೊಕುಜಿ ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಹೇಳಿದ ಮನುಷ್ಯ. ಆ ಒಂದನ್ನೂ ಮನೆಯೊಳಗೆ ಹೇಳಿ ಮುಗಿಸಬಾರದಿತ್ತೇ? ಊರಿಗೆ ಊರೇ ನಂಬುವಂಥದ್ದನ್ನು, ಅದೂ ನಮ್ಮ ಅಂಗಡಿಯ ಮುಂದೆಯೇ ಹೇಳಿದ. ಒಳಗೆ ಮೂಲಂಗಿಗೆ ಉಪ್ಪು ತಿಕ್ಕುತ್ತಿದ್ದ ನಾನು ಎಲ್ಲವನ್ನೂ ಕೇಳಿಸಿಕೊಂಡೆ.

ನಮ್ಮ ತೊಚಿಹಿರಾ ಒಂದೇ ಬೀದಿಯ ಊರು. ಒಂದು ಮಗ್ಗುಲಿಗೆ ಹೊಳೆ, ಇನ್ನೊಂದು ಮಗ್ಗುಲಿಗೆ ಗುಡ್ಡ, ನಡುವೆ ಸಿಕ್ಕಷ್ಟು ಜಾಗದಲ್ಲಿ ಮನೆಗಳು. ಹಿಂದಿನ ಕಾಲದ ದೊರೆಗಳು ಪರಿವಾರ ಕಟ್ಟಿಕೊಂಡು ಆಗಿನ ಆಡಳಿತದ ಪಟ್ಟಣ ಎದೊಗೆ ಹೋಗುತ್ತಿದ್ದ ಹಾದಿ ಇದೇ. ಸೇತುವೆಯ ಹತ್ತಿರ ಶುರುವಾದ ಏರು ನಮ್ಮ ಉಪ್ಪಿನಕಾಯಿ ಅಂಗಡಿಯ ಮುಂದೆ ಮುಗಿಯುತ್ತದೆ. ಅಷ್ಟು ಹತ್ತಿ ಬಂದವರಿಗೆ ಬಾಯಿಂದ ಮಾತು ಹೊರಡುವುದಿಲ್ಲ. ದೊರೆಗಳನ್ನು ಪಲ್ಲಕ್ಕಿಯಲ್ಲಿ ಹೊತ್ತು ತರುತ್ತಿದ್ದರು. ಪಾಪ, ತೊಕುಜಿ ಟಪಾಲು ಚೀಲ ಹೊತ್ತು ತಾನೇ ಹತ್ತಬೇಕಿತ್ತು.

ಇಪ್ಪತ್ನಾಲ್ಕರ ಹುಡುಗ, ಪಕ್ಕದ ಕಣಿವೆಯಿಂದ ಹೊಸದಾಗಿ ಬಂದವನು, ಕಡ್ಡಿಪೈಲ್ವಾನ. ಆಗ ನಾನೂ ಮದುವೆಯಾಗಿ ಬಂದ ಹೊಸತು. ದಿನಾ ಹತ್ತು ಗಂಟೆಗೆ ನಮ್ಮ ಅಂಗಡಿಯ ಮುಂದಿನ ಚಪ್ಪಟೆ ಕಲ್ಲಿನ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದ. ಒಂದು ದಿನ ಪಟ್ಟಣದಿಂದ ವರ್ಗವಾಗಿ ಬಂದಿದ್ದ ಮೇಡಂ ಒಬ್ಬರು ನಾಲ್ಕನೇ ತರಗತಿಯ ಮಕ್ಕಳನ್ನು ಊರು ತೋರಿಸಲು ಕರೆದುಕೊಂಡು ಬಂದರು. ಮಕ್ಕಳಲ್ಲೊಬ್ಬಳು, ಟಪಾಲಿನವರು ಕೆಲಸ ಬಿಟ್ಟು ಯಾಕೆ ಕೂತಿದ್ದಾರೆ ಎಂದು ಎಲ್ಲರೆದುರಿಗೇ ಕೇಳಿಬಿಟ್ಟಳು. ಸರ್ಕಾರದ ಟೋಪಿ ಹಾಕಿಕೊಂಡವನು ಹಾಡಹಗಲೇ ಕೂತು ಸಿಕ್ಕಿಬಿದ್ದರೆ ನಮ್ಮಲ್ಲಿ ಮುಖ ಎತ್ತುವ ಹಾಗಿಲ್ಲ. ತೊಕುಜಿ ಧಡಕ್ಕನೆ ಎದ್ದು ನಿಂತು, ತಾನು ಕೂತಿರಲಿಲ್ಲ, ಕಲ್ಲನ್ನು ನೋಡುತ್ತಿದ್ದೆ ಅಂದ. ಕಲ್ಲಿನಲ್ಲಿ ನೋಡುವುದೇನಿದೆ ಎಂದು ಮೇಡಂ ಕೇಳಿದರು. ಇನ್ನೇನು ಮಾಡುತ್ತಾನೆ? ಎದೊಗೆ ಹೊರಟ ದೊರೆಯೊಬ್ಬರಿಗೆ ಪಲ್ಲಕ್ಕಿಯಲ್ಲಿ ಕೂತೂ ಕೂತೂ ಕಾಲು ಜೋಮು ಹಿಡಿದು, ಇಲ್ಲಿ ಇಳಿದು ಈ ಕಲ್ಲಿನ ಮೇಲೆ ಕೂತು ಮೂಲಂಗಿ ಉಪ್ಪಿನಕಾಯಿ ಕಡಿದರು ಎಂದು ಒಂದೇ ಉಸಿರಿನಲ್ಲಿ ಹೇಳಿದ. ಮೇಡಂ ಬರೆದುಕೊಂಡರು.

ಬರೆದುಕೊಂಡದ್ದು ಸುಮ್ಮನಿರುತ್ತದೆಯೇ? ಶಾಲೆಯ ಪುಸ್ತಕಕ್ಕೆ ಬಂತು. ರೈಲು ನಿಲ್ದಾಣದ ನಕ್ಷೆಯಲ್ಲಿ ಕಲ್ಲಿನ ಚಿತ್ರ ಬಂತು. ಮಿಠಾಯಿ ಅಂಗಡಿಯ ವಾಕುಯಿ ಕಲ್ಲಿನ ಆಕಾರದ ಅಚ್ಚು ಮಾಡಿಸಿ, ಒಳಗೆ ಕೆಂಪು ಕಾಳಿನ ಸಿಹಿ ಹೂರಣ ತುಂಬಿ, 'ದೊರೆ ಕಲ್ಲು' ಎಂದು ಮಾರತೊಡಗಿದ. ಊರಿನ ಹಳಬರಿಗೆ ಅನುಮಾನ ಇರಲಿಲ್ಲವೆಂದಲ್ಲ. ಆದರೆ ಒಬ್ಬರ ಮಾತನ್ನು ಎದುರಿಗೇ ಸುಳ್ಳು ಅನ್ನುವುದು ಇಲ್ಲಿ ಮರ್ಯಾದೆಯಲ್ಲ.

ನಿವೃತ್ತಿಯಾದ ಮೇಲೆ ತೊಕುಜಿ ಊರು ತೋರಿಸುವವನಾದ. ಸಂಬಳವಿಲ್ಲದ ಕೆಲಸ. ತೋಳಿಗೆ ಹಸಿರು ಪಟ್ಟಿ, ಕೈಯಲ್ಲೊಂದು ಪುಟ್ಟ ಬಾವುಟ ಸಿಕ್ಕಿತು ನೋಡಿ, ಮನುಷ್ಯನಿಗೆ ಹತ್ತು ವರ್ಷ ಕಡಿಮೆಯಾಯಿತು. ಹೊಳೆ ಯಾವ ವರ್ಷ ಉಕ್ಕಿತು, ಶತ್ರುಗಳು ನೇರ ನುಗ್ಗಬಾರದೆಂದು ಬೀದಿಯನ್ನು ಎಲ್ಲಿ ಸೊಟ್ಟ ಮಾಡಿದರು, ಮನೆಗಳ ಮುಂದಿನ ಕಾಲುವೆಯಲ್ಲಿ ಯಾರು ಮೊದಲು ಸೊಪ್ಪು ತೊಳೆಯಬೇಕು, ಎಲ್ಲಾ ಅವನಿಗೆ ಬಾಯಿಪಾಠ. ಒಂದು ತಾರೀಖೂ ತಪ್ಪುತ್ತಿರಲಿಲ್ಲ. ಕಲ್ಲಿನ ಹತ್ತಿರ ಬಂದಾಗ ಮಾತ್ರ ದನಿ ಇಳಿಯುತ್ತಿತ್ತು. ಬಂದವರು ಅದನ್ನು ಭಕ್ತಿ ಅಂದುಕೊಳ್ಳುತ್ತಿದ್ದರು.

ಈ ವಸಂತದಲ್ಲಿ ಊರಿನ ಕಚೇರಿಯವರು ಕಲ್ಲಿನ ಪಕ್ಕ ಗ್ರಾನೈಟ್ ಫಲಕ ನಿಲ್ಲಿಸುವುದೆಂದು ತೀರ್ಮಾನಿಸಿ, ಕೆತ್ತಿಸುವ ಮಾತುಗಳನ್ನು ಬರೆದು ತೊಕುಜಿಯ ಕೈಗೆ ಕೊಟ್ಟರು. ತಪ್ಪಿದ್ದರೆ ತಿದ್ದಬೇಕಂತೆ. ಆ ಹಾಳೆ ಹಿಡಿದು ಅವನು ನೇರ ನನ್ನ ಅಂಗಡಿಗೆ ಬಂದ. ಮುಖ ಸುಟ್ಟ ಬದನೆಕಾಯಿಯಾಗಿತ್ತು.

"ಕಿನುಯೊ-ಸಾನ್, ಇದು ಶುದ್ಧ ಸುಳ್ಳು. ಆ ಕಲ್ಲು ಒಂದು ಸೋಮವಾರ ಇದ್ದಕ್ಕಿದ್ದಂಗೆ ಇಲ್ಲಿತ್ತು. ಚರಂಡಿ ಕೆಲಸದವರು ಬಿಟ್ಟುಹೋಗಿರಬೇಕು ಅಂದ್ಕೊಂಡಿದ್ದೆ."

"ನಲವತ್ತಾರು ವರ್ಷ ನಡೀತಲ್ಲ ತೊಕು-ಸಾನ್. ಇನ್ನೊಂದಷ್ಟು ವರ್ಷ ನಡೆಯುತ್ತೆ ಬಿಡಿ," ಅಂದೆ.

"ಕಾಗದದ ಮೇಲಿದ್ದಾಗ ಹೇಗೋ ಸುಮ್ಮನಿದ್ದೆ. ಗ್ರಾನೈಟಲ್ಲಿ ಕೆತ್ತಿದ್ರೆ ನಾನು ಸತ್ತ ಮೇಲೂ ನನ್ನ ಸುಳ್ಳು ಇಲ್ಲೇ ನಿಂತಿರುತ್ತೆ. ನಾಳೆ ಸಭೇಲಿ ಹೇಳ್ಬಿಡ್ತೀನಿ. ಪಟ್ಟಿ, ಬಾವುಟ ವಾಪಸ್ ಕೊಡ್ತೀನಿ."

ಹೆಂಡತಿ ತೀರಿಹೋದ ಮೇಲೆ ಅವನನ್ನು ಬೆಳಿಗ್ಗೆ ಎಬ್ಬಿಸುತ್ತಿದ್ದದ್ದು ಆ ಬಾವುಟವೇ. ನನ್ನ ನಾಲಿಗೆಯ ತುದಿಗೆ ಒಂದು ಮಾತು ಬಂದಿತ್ತು, ಆದರೆ ಅದನ್ನು ಆಡುವುದಿಲ್ಲವೆಂದು ಅತ್ತೆಗೆ ಮಾತು ಕೊಟ್ಟಿದ್ದೆ. ಅವನಿಗೆ ಚಹಾ ಬಗ್ಗಿಸಿದೆ.

ನಮ್ಮ ಅತ್ತೆ ಶಿಗೆಯ ವಿಷಯ ಹೇಳಬೇಕು. ಈ ಊರಿನಲ್ಲಿ ಯಾರಿಗೂ ಏನನ್ನೂ ಸುಮ್ಮನೆ ಕೊಡುವ ಹಾಗಿಲ್ಲ. ಎರಡು ಮೂಲಂಗಿ ಕೊಟ್ಟರೆ ಸಂಜೆಯೊಳಗೆ ನಾಲ್ಕು ಹಣ್ಣು ಬಂದು ಬಾಗಿಲಲ್ಲಿ ಕೂರುತ್ತವೆ. ಹಣ್ಣಿಗೆ ಪ್ರತಿಯಾಗಿ ನಾವು ಮತ್ತೆ ಏನಾದರೂ ಹಿಡಿದುಕೊಂಡು ಓಡಬೇಕು. ಅತ್ತೆಗೂ ಎದುರು ಮನೆಯ ಅಜ್ಜಿಗೂ ನಡುವೆ ಒಂದು ಬದನೆಕಾಯಿಯಿಂದ ಶುರುವಾದ ಕೊಡು-ತಗೊ ಹನ್ನೊಂದು ವರ್ಷ ನಡೆಯಿತು. ಅಜ್ಜಿ ತೀರಿಕೊಂಡ ಮೇಲೂ ಆಕೆಯ ಮಗ ಒಂದು ಕುಂಬಳಕಾಯಿ ತಂದುಕೊಟ್ಟು ಹೋದ. ಅದಕ್ಕೇ ಅತ್ತೆ ಯಾರಿಗೆ ಏನು ಕೊಡಬೇಕಾದರೂ ಹತ್ತು ಸಲ ಯೋಚಿಸುತ್ತಿದ್ದರು.

ಮರುದಿನ ಸಭೆ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಎಲ್ಲರೂ ಚಾಪೆಯ ಮೇಲೆ ಕೂತೆವು. ತೊಕುಜಿ ಎದ್ದು, ಇದ್ದದ್ದನ್ನು ಇದ್ದ ಹಾಗೆ ಹೇಳಿ, ಪಟ್ಟಿ ಬಿಚ್ಚಿ ನೀಟಾಗಿ ಮಡಿಸಿ, ಬಾವುಟದ ಜೊತೆ ಮೇಜಿನ ಮೇಲಿಟ್ಟು, ಮಂಡಿಯೂರಿ ಹಣೆ ಚಾಪೆಗೆ ಮುಟ್ಟುವ ಹಾಗೆ ಬಾಗಿದ. ಕಚೇರಿಯ ಅಧಿಕಾರಿ ತಮ್ಮ ಕಾಗದಗಳನ್ನು ಸುಮ್ಮನೆ ತಿರುವಿಹಾಕುತ್ತಿದ್ದರು. ವಾಕುಯಿ ಮಾತ್ರ ಮೆಲ್ಲಗೆ, "ಆ ಕಲ್ಲಿಗೆ ಮೂಲಂಗಿ ವಾಸನೆ ಅಂತ ನಮ್ಮಪ್ಪ ಯಾವಾಗ್ಲೂ ಹೇಳ್ತಿದ್ರು," ಅಂದ.

ಇನ್ನು ತಡೆಯಲು ನನ್ನಿಂದ ಆಗಲಿಲ್ಲ. ಅತ್ತೇ, ಕ್ಷಮಿಸಿಬಿಡಿ ಎಂದು ಮನಸ್ಸಿನಲ್ಲೇ ಅಂದುಕೊಂಡು ಎದ್ದು ನಿಂತೆ.

ಅದು ನಮ್ಮ ಕಲ್ಲು ಅಂದೆ. ದೊಡ್ಡ ಪೀಪಾಯಿಯಲ್ಲಿ ಊರಹಾಕಿದ ಮೂಲಂಗಿಯ ಮೇಲೆ ಭಾರಕ್ಕೆಂದು ಹೇರುತ್ತಿದ್ದ ಕಲ್ಲುಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ನಾನು ಮದುವೆಯಾಗಿ ಬಂದ ವರ್ಷ ಪೀಪಾಯಿ ಒಡೆದು ಕಲ್ಲು ಬೇಡವಾಯಿತು. ಅದೇ ದಿನಗಳಲ್ಲಿ ಹೊಸ ಟಪಾಲಿನವನು ಏರು ಹತ್ತಿ ಬಂದು, ಕೂರಲು ಜಾಗವಿಲ್ಲದೆ ನಮ್ಮ ಗೋಡೆಗೆ ಒರಗಿ ಏದುಸಿರು ಬಿಡುವುದನ್ನು ಅತ್ತೆ ನೋಡುತ್ತಿದ್ದರು. ಒಂದು ಭಾನುವಾರ ನಾವಿಬ್ಬರೂ ಸೇರಿ ಕಲ್ಲನ್ನು ಉರುಳಿಸಿಕೊಂಡು ಹೋಗಿ ಹೊರಗಿಟ್ಟೆವು. ನನ್ನ ಸೊಂಟ ಇವತ್ತಿಗೂ ಅದನ್ನು ಮರೆತಿಲ್ಲ.

"ಅತ್ತೆ ಅವತ್ತು ಏನಂದ್ರು ಗೊತ್ತಾ?" ಎಂದು ತೊಕುಜಿಯ ಕಡೆ ತಿರುಗಿ ಹೇಳಿದೆ. "ಆ ಹುಡುಗ ಕೂತ್ಕೊಳ್ಳಲಿ. ಆದ್ರೆ ಅವನಿಗೋಸ್ಕರ ಇಟ್ಟಿದ್ದು ಅಂತ ಮಾತ್ರ ಹೇಳ್ಬೇಡ ಕಣೇ. ಹೇಳಿದ್ರೆ ಮಾರನೇ ದಿನವೇ ಏನಾದ್ರೂ ಹಿಡ್ಕೊಂಡು ಬಂದ್ಬಿಡ್ತಾನೆ. ಅವನಿಗೇ ಊಟಕ್ಕಿದೆಯೋ ಇಲ್ವೋ, ಅಂದ್ರು."

ತೊಕುಜಿ ಬಾಗಿದವನು ತಲೆ ಎತ್ತಲೇ ಇಲ್ಲ. ಆಮೇಲೆ ಅಧಿಕಾರಿ ಪೆನ್ನು ತೆಗೆದು ಹಾಳೆಯ ಮೇಲಿದ್ದ ದೊರೆಯನ್ನು ಹೊಡೆದುಹಾಕಿ, ಏನು ಬರೆಯೋಣ ಎಂದು ನನ್ನನ್ನೇ ಕೇಳಿದರು. ಅರ್ಧ ಗಂಟೆ ಎಲ್ಲರೂ ಸೇರಿ ಜಗಳಾಡಿ ಮೂರು ಸಾಲು ಮಾಡಿದೆವು: 'ಟಪಾಲಿನವರ ಕಲ್ಲು. ಉಪ್ಪಿನಕಾಯಿ ಅಂಗಡಿಯ ಶಿಗೆ ಇಟ್ಟದ್ದು. ದಣಿದವರು ಕೂರಬಹುದು.' ಅಚ್ಚು ಹೇಗೂ ಅದೇ ಕಲ್ಲಿನದು, ಸುತ್ತುವ ಕಾಗದ ಬದಲಾಯಿಸಿದರೆ ಸಾಕು ಎಂದು ವಾಕುಯಿ ಸಮಾಧಾನ ಮಾಡಿಕೊಂಡ. ಪಟ್ಟಿಯನ್ನು ನಾನೇ ತೊಕುಜಿಯ ತೋಳಿಗೆ ಕಟ್ಟಿದೆ, ಸ್ವಲ್ಪ ಬಿಗಿಯಾಗಿಯೇ.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಅಂಗಡಿಯ ಬಾಗಿಲು ಸರಿಯಿತು. ಇಸ್ತ್ರಿ ಮಾಡಿದ ಕೋಟು ತೊಟ್ಟ ತೊಕುಜಿ ನನ್ನತ್ತ ಬರೀ ತಲೆಯಾಡಿಸಿ, ನೇರ ಒಳಗೆ ಅತ್ತೆಯ ಫೋಟೋ ಇಟ್ಟ ಗೂಡಿನ ಮುಂದೆ ಹೋಗಿ ಮಂಡಿಯೂರಿದ. ವಾಕುಯಿಯ ಅಂಗಡಿಯ ದೊಡ್ಡ ಡಬ್ಬಿಯನ್ನು ಎರಡು ಕೈಯಲ್ಲೂ ಹಿಡಿದು ಅಲ್ಲಿಟ್ಟು, ಗಂಟೆ ಬಾರಿಸಿ, "ತುಂಬಾ ತಡ ಆಯ್ತಮ್ಮ," ಅಂದ. ಆಮೇಲೆ ಹೊರಗೆ ಹೋಗಿ, ಊರೆಲ್ಲಾ ನೋಡುವ ಹಾಗೆ, ಕಲ್ಲಿನ ಮೇಲೆ ಕಾಲು ಚಾಚಿ ಕೂತ.

ನಾನು ಅತ್ತೆಯ ಫೋಟೋ ಕಡೆ ನೋಡಿದೆ. ಅವರು ಹೇಳಿದ್ದ ಹಾಗೆಯೇ, ಮಾರನೇ ದಿನವೇ ಹಿಡಿದುಕೊಂಡು ಬಂದುಬಿಟ್ಟಿದ್ದ.