ಹಿಂದಿನ ಸೀಟಿನ ಹಲ್ಲುಗಳು

ನನ್ನ ಅಕ್ಕ ಹಲ್ಲಿನ ಸೆಟ್ ಮಾಡುವವಳು. ಡಾಕ್ಟರಲ್ಲ. ಡಾಕ್ಟರು ಅಳತೆ ತೆಗೆದು ಕಳಿಸಿದ ಅಚ್ಚಿನ ಮೇಲೆ ಮೇಣ ಹಾಕಿ, ಒಂದೊಂದೇ ಹಲ್ಲು ಕೂರಿಸಿ, ಬೊಚ್ಚು ಬಾಯಿಗೆ ಕಳೆ ತರುವವಳು. ಊರಿನ ದೊಡ್ಡ ಕ್ಲಿನಿಕ್ಕುಗಳೆಲ್ಲ ಅವಳ ಕೈಯನ್ನೇ ನಂಬಿಕೊಂಡಿವೆ. ಮನೆಯ ಮುಂದಿನ ಕೋಣೆಯೇ ಅವಳ ಲ್ಯಾಬು, ಅಲ್ಲಿ ಪ್ಲಾಸ್ಟರ್ ಕಲಸುವುದು ನನ್ನ ಕೆಲಸ. ಅವಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಈ ಸಲ ಕೋಪ ಬಂದಿರುವುದು ನನಗೆ, ಅದೂ ಮೂಗು ದಾಟಿ ನೆತ್ತಿಗೇರಿದೆ. ಅದಕ್ಕೇ ಈ ಕಥೆಯನ್ನು ನಾನೇ ಹೇಳುತ್ತಿದ್ದೇನೆ.

ಅಕ್ಕನಿಗೆ ಕಾರು ಓಡಿಸುವ ಹುಚ್ಚು. ವಾರವೆಲ್ಲ, ಬಾಯಿಗೆ ಹೊಂದುತ್ತದೆಯೇ ಅಂತ ನೋಡಲು ಮೇಣದಲ್ಲೇ ಕಳಿಸುವ ಹಲ್ಲಿನ ಸೆಟ್ಟುಗಳ ಡಬ್ಬಿಗಳನ್ನು ಹಿಂದಿನ ಸೀಟಿನಲ್ಲಿಟ್ಟುಕೊಂಡು, ಮಲಗಿದ ಮಗು ಏಳಬಾರದು ಅನ್ನುವ ಹಾಗೆ ಮೆಲ್ಲಗೆ ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ಓಡಿಸುತ್ತಾಳೆ. ಭಾನುವಾರ ಅದೇ ಕಾರನ್ನು ಊರಾಚೆಯ ರೇಸ್ ಟ್ರ್ಯಾಕಿಗೆ ತೆಗೆದುಕೊಂಡು ಹೋಗಿ ಗಂಡಸರ ಬೆವರಿಳಿಸುತ್ತಾಳೆ. ಅಲ್ಲಿ ಅವಳ ಹೆಸರು ಹಲ್ಲಕ್ಕ. ಭಾವ ಮಾತ್ರ ಒಂದು ದಿನವೂ ಅತ್ತ ತಲೆ ಹಾಕಿದವರಲ್ಲ. ಅವರು ವಿಮಾ ಕಚೇರಿಯಲ್ಲಿ ಜಜ್ಜಿಹೋದ ಕಾರುಗಳ ಫೋಟೋ ನೋಡುವ ಕೆಲಸದಲ್ಲಿದ್ದಾರೆ. ಟ್ರ್ಯಾಕಿನ ಮಾತು ಬಂದರೆ ಸಾಕು, ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಎದ್ದು ಹೋಗುತ್ತಿದ್ದರು.

ಕಾರಿನ ಹಳೆಯ ಶಾಕ್ ಅಬ್ಸಾರ್ಬರುಗಳು ಎಣ್ಣೆ ಸೋರತೊಡಗಿದಾಗ, ಬೇಕಾದ ಹಾಗೆ ಹೊಂದಿಸಿಕೊಳ್ಳಬಹುದಾದ ಸಸ್ಪೆನ್ಷನ್ ಹಾಕಿಸೋಣ ಅಂತ ಅಕ್ಕ ಹೊರಟಳು. ಟ್ರ್ಯಾಕಿನಲ್ಲಿ ಸಲಹೆಗೇನು ಬರವೇ? ಕಾರನ್ನು ನೆಲಕ್ಕೆ ಇಳಿಸು, ಕಲ್ಲಿನಷ್ಟು ಗಟ್ಟಿ ಮಾಡು ಅಂತ ಎಲ್ಲರದೂ ಒಂದೇ ರಾಗ. ಅಕ್ಕ ಎಲ್ಲರಿಗೂ ಹೂಂಗುಟ್ಟಿ, ಅವರವರ ಕಾರಿನಲ್ಲಿ ಕೂತು ಊರಿನ ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿಕೊಂಡಳು. ಕೂತಿದ್ದು ಹಿಂದಿನ ಸೀಟಿನಲ್ಲಿ. ಹಲ್ಲು ಕೂರುವುದು ಅಲ್ಲಿ ತಾನೇ?

ಹಾಗೆ ಬೆನ್ನು ನೋಯಿಸಿಕೊಂಡು ಅವಳು ಒಂದು ತೀರ್ಮಾನಕ್ಕೆ ಬಂದಳು. ಹೊಸ ಶಾಕ್ ಅಬ್ಸಾರ್ಬರಿನ ನಾಬ್ ತಿರುಗಿಸಿದರೆ ಕಾರಿನ ಕುಣಿತ ಎಷ್ಟು ಬೇಗ ನಿಲ್ಲಬೇಕು ಅನ್ನುವುದನ್ನು ಬದಲಾಯಿಸಬಹುದು. ಸ್ಪ್ರಿಂಗ್ ಮಾತ್ರ ತಾನು ಎಷ್ಟು ಗಟ್ಟಿಯೋ ಅಷ್ಟೇ ಗಟ್ಟಿ, ಯಾವ ನಾಬಿಗೂ ಅದು ಬಗ್ಗುವುದಿಲ್ಲ. ಆದ್ದರಿಂದ ಕೆಲಸದ ದಿನಗಳಿಗೆ ತಕ್ಕಂತೆ ಮೆತ್ತಗಿನ ಸ್ಪ್ರಿಂಗನ್ನೇ ಆರಿಸಬೇಕು, ಭಾನುವಾರವನ್ನು ನಾಬಿಗೆ ಬಿಡಬೇಕು. ಕಾರನ್ನು ತೀರಾ ಇಳಿಸಲೂಬಾರದು, ಚಕ್ರಕ್ಕೆ ಮೇಲೆ ಕೆಳಗೆ ಆಡಲು ಜಾಗ ಬೇಕು. ಬಿಡಿಭಾಗದ ಅಂಗಡಿಯವನಿಗೆ ಅವಳು ಇದನ್ನೆಲ್ಲ ನನ್ನೆದುರೇ ಬಿಡಿಸಿ ಹೇಳಿದಳು. ಅವನು ತಲೆಯಾಡಿಸಿದ. ತಲೆಯಾಡಿಸುವುದಕ್ಕೆ ಕಾಸು ಖರ್ಚಾಗುವುದಿಲ್ಲವಲ್ಲ.

ಹೊಸದು ಹಾಕಿಸಿದ ಮೇಲೆ ಕಾರು ರಸ್ತೆಯ ಒಂದೊಂದು ಉಬ್ಬಿಗೂ ಕತ್ತೆ ಒದ್ದ ಹಾಗೆ ಒದೆಯತೊಡಗಿತು. ಹೊಸ ಚಪ್ಪಲಿ ಕಚ್ಚುತ್ತದೆ, ಸ್ವಲ್ಪ ದಿನ ಹೋದರೆ ಸರಿಹೋಗುತ್ತದೆ ಅಂತ ಅಂಗಡಿಯವನು ಸಮಾಧಾನ ಹೇಳಿದ. ಅಕ್ಕ ನಾಬನ್ನು ಪೂರ್ತಿ ಮೆತ್ತಗಿನ ಕಡೆಗೆ ತಿರುಗಿಸಿ ಕಾದಳು. ಅಷ್ಟರಲ್ಲಿ ಕ್ಲಿನಿಕ್ಕಿನಿಂದ ಒಂದು ಸೆಟ್ ವಾಪಸ್ ಬಂತು. ಮುಂದಿನ ಹಲ್ಲು ವಾಲಿತ್ತು. ಅದರ ಹಿಂದೆಯೇ ಇನ್ನೊಂದು ಬಂತು. ಮೂರನೆಯದನ್ನು ಕ್ಲಿನಿಕ್ಕಿನ ಡಾಕ್ಟರಮ್ಮ ತಾವೇ ತಂದುಕೊಟ್ಟು, ಬಹಳ ನಯವಾಗಿ, ಈಚೆಗೆ ಕೈ ನಡುಗುತ್ತಿದೆಯೇ, ವಯಸ್ಸಾಯಿತಲ್ಲ, ಒಮ್ಮೆ ತೋರಿಸಿಕೊಳ್ಳಬಾರದೇ ಅಂತ ಕೇಳಿ ಹೋದರು.

ಆ ದಿನ ಅಕ್ಕ ಕೆಲಸದ ಮೇಜಿನ ದೀಪದ ಕೆಳಗೆ ಎರಡೂ ಕೈ ಚಾಚಿ, ಬೆರಳುಗಳನ್ನೇ ನೋಡುತ್ತಾ ಕೂತಿದ್ದಳು. ಕೂದಲೆಳೆಯಷ್ಟು ಓರೆಯನ್ನೂ ತಿದ್ದುವ ಕೈಗಳು ಅವು. ಅವುಗಳ ಮೇಲೆ ಅವಳಿಗೇ ಅನುಮಾನ ಬಂದಿತ್ತು. ಕೈಯ ಹೆಸರು ಹೋದರೆ ಅವಳಿಗೆ ಇನ್ನೇನು ಉಳಿಯುತ್ತದೆ? ಮಾರನೆಯ ದಿನ ಒಂದು ಸೆಟ್ಟನ್ನು ಲ್ಯಾಬಿನಲ್ಲಿ ಇಬ್ಬರೂ ಎಲ್ಲ ಹಲ್ಲೂ ನೇರ ಇದೆ ಅಂತ ನೋಡಿ ಡಬ್ಬಿಗೆ ಹಾಕಿ, ಕ್ಲಿನಿಕ್ಕಿನ ಬಾಗಿಲಲ್ಲೇ ತೆರೆದೆವು. ಹಲ್ಲು ವಾಲಿತ್ತು. ಬಿಸಿಲಿಗೆ ಮೇಣ ಮೆತ್ತಗಾಗುವುದು ಹೊಸದೇನಲ್ಲ. ಅದರ ಮೇಲೆ ಕಾರು ಒದ್ದೂ ಒದ್ದೂ ಹಲ್ಲನ್ನು ಕದಲಿಸಿತ್ತು.

ಅಕ್ಕ ಬೈಯಲಿಲ್ಲ. ನೇರ ಅಂಗಡಿಗೆ ಹೋಗಿ, ಅಂಗಡಿಯವನನ್ನು ಕರೆತಂದು ಹಿಂದಿನ ಸೀಟಿನಲ್ಲಿ ಕೂರಿಸಿ, ಮಡಿಲಿಗೆ ಇನ್ನೊಂದು ಸೆಟ್ಟಿನ ಡಬ್ಬಿ ಕೊಟ್ಟಳು. ಮುಚ್ಚಳ ತೆಗೆದೇ ಇಟ್ಟುಕೊಳ್ಳಬೇಕು, ಕಣ್ಣು ಅತ್ತಿತ್ತ ಹೋಗಬಾರದು ಅಂತ ತಾಕೀತು ಮಾಡಿದಳು. ತನ್ನ ದಿನದ ದಾರಿಯಲ್ಲೇ ಕಾರು ಬಿಟ್ಟಳು. ಮಾರುಕಟ್ಟೆಯ ಹಿಂದಿನ ಕಿತ್ತುಹೋದ ರಸ್ತೆ ಮುಗಿಯುವ ಹೊತ್ತಿಗೆ ಅವನ ತಲೆ ಚಾವಣಿಗೆ ಬಡಿದಿತ್ತು, ಡಬ್ಬಿಯಲ್ಲಿ ಕೋರೆಹಲ್ಲು ಪಕ್ಕದ ಹಲ್ಲಿನ ಹೆಗಲೇರಿತ್ತು.

ನಾನು ಹೇಳಿದ ಸ್ಪ್ರಿಂಗೇನಾ ಇದು ಅಂತ ಕೇಳಿದಳು ಅಕ್ಕ. ಅವನು ಡಬ್ಬಿಯನ್ನು ಸೀಟಿನ ಮೇಲಿಟ್ಟ.

"ಅಲ್ಲ ಮೇಡಂ. ಇದು ರೇಸಿಂದು. ನಿಮ್ಮ ಯಜಮಾನ್ರೇ ಫೋನ್ ಮಾಡಿದ್ರು. ಇರೋದ್ರಲ್ಲಿ ಗಟ್ಟಿದು ಹಾಕಿ, ಅವಳಿಗೆ ಹೇಳ್ಬೇಡಿ ಅಂದ್ರು. ಗಂಡ ಹೆಂಡ್ತಿ ವಿಷಯ, ನಾನ್ಯಾಕೆ ನಡುವೆ ಬರ್ಲಿ ಅಂತ ಹಾಕ್ಬಿಟ್ಟೆ."

ನಡುವೆ ಬರಬಾರದು ಅಂತ ಹೆಂಡತಿಯ ಕಾರಿಗೇ ಕೈ ಹಾಕಿದ ಧರ್ಮಾತ್ಮ! ನಾನು ಅವನ ಕುತ್ತಿಗೆಪಟ್ಟಿಗೆ ಕೈ ಹಾಕುವುದರಲ್ಲಿದ್ದೆ. ಅಕ್ಕ ಕಣ್ಣಲ್ಲೇ ತಡೆದಳು. ಅವನನ್ನು ಅಂಗಡಿಯ ಮುಂದೆ ಇಳಿಸಿ, ತಾನು ಮೊದಲು ಹೇಳಿದ ಸ್ಪ್ರಿಂಗನ್ನು ನಾಳೆ ಬೆಳಿಗ್ಗೆ ಹಾಕಿಕೊಡಬೇಕೆಂದು ಹೇಳಿ ಮನೆಗೆ ಬಂದಳು.

ಭಾವ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಅಕ್ಕ ವಾಲಿದ ಹಲ್ಲಿನ ಡಬ್ಬಿಯನ್ನು ಆ ಅಂಗಿಯ ಮೇಲೇ ಇಟ್ಟಳು. ಅಂಗಡಿಯವನು ಎಲ್ಲ ಹೇಳಿದ ಅಂದಳು. ಭಾವ ಇಸ್ತ್ರಿಪೆಟ್ಟಿಗೆಯನ್ನು ಬದಿಗಿಟ್ಟರು. ಕ್ಷಮೆ ಕೇಳುತ್ತಾರೆ ಅಂದುಕೊಂಡೆ. ನನ್ನ ಮಂಕು ಬುದ್ಧಿ!

"ದಿನಾ ಆಫೀಸಲ್ಲಿ ಏನೇನು ಫೋಟೋ ನೋಡ್ತೀನಿ ಗೊತ್ತಾ ನಿಂಗೆ? ಭಯ ಆಗುತ್ತೆ ನಂಗೆ. ಬಾಯಲ್ಲಿ ಹೇಳಿದ್ರೆ ನೀನು ಕೇಳೋಳಲ್ಲ."

"ಯಾವತ್ತು ಹೇಳಿದ್ರಿ?" ಅಂದಳು ಅಕ್ಕ.

ಭಾವ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದರು. ಹೇಳಿದ್ದರೆ ತಾನೇ. ಎಷ್ಟೋ ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿದವರು ತಮ್ಮ ಭಯವನ್ನು ಹೆಂಡತಿಗೆ ಹೇಳಿರಲಿಲ್ಲ, ಅದರ ಬದಲು ಅಂಗಡಿಯವನಿಗೆ ಫೋನ್ ಮಾಡಿದ್ದರು. ಆ ಭಯ ಮಾಡಿದ್ದಾದರೂ ಏನು? ಹಿಂದಿನ ಭಾನುವಾರ ಟ್ರ್ಯಾಕಿನ ಒದ್ದೆ ತಿರುವಿನಲ್ಲಿ ಅಕ್ಕ ಬ್ರೇಕ್ ಒತ್ತಿದಾಗ, ಅವರು ಹಾಕಿಸಿದ ಸ್ಪ್ರಿಂಗಿನಿಂದಲೇ ಚಕ್ರ ನೆಲ ಬಿಟ್ಟು ಹಾರಿ, ಕಾರು ತಿರುಗಿಕೊಂಡು ಹುಲ್ಲಿಗೆ ಬಿದ್ದಿತ್ತು. ಇದನ್ನು ನಾನೇ ಬಾಯಿಬಿಟ್ಟೆ. ಭಾವನ ಮುಖ ಬಿಳಿಚಿಕೊಂಡಿತು. ಇಂಥದ್ದಾಗುತ್ತದೆ ಅಂತ ಗೊತ್ತಿರಲಿಲ್ಲ ಅಂದರು. ಗೊತ್ತಿಲ್ಲದ್ದಕ್ಕೆ ಕೈ ಹಾಕಿದ್ದೇಕೆ ಅಂತ ನಾನು ಕೂಗಾಡಿದೆ. ಅವರು ನನ್ನ ಕಡೆ ತಿರುಗಲೇ ಇಲ್ಲ, ಅಕ್ಕನ ಮುಂದೆ ನಿಂತು ದನಿ ಇಳಿಸಿದರು.

"ಕಾರು ಹೀಗೆ ಒದ್ರೆ ನಿನ್ ಕೆಲಸ ಕೆಡುತ್ತೆ, ಕೆಲಸನೋ ಟ್ರ್ಯಾಕೋ ಅಂತ ಬಂದ್ರೆ ನೀನು ಟ್ರ್ಯಾಕ್ ಬಿಡ್ತೀಯ ಅಂದ್ಕೊಂಡೆ. ಅಷ್ಟೇ."

ಅಂದರೆ ಹಲ್ಲು ವಾಲುವುದು ಲೆಕ್ಕಕ್ಕೆ ಸಿಗದೆ ಆದ ತಪ್ಪಲ್ಲ. ಅದೇ ಅವರ ಉಪಾಯ. ಅಕ್ಕ ದೀಪದ ಕೆಳಗೆ ಕೈ ಚಾಚಿ ಕೂತಿದ್ದಾಗ ಇವರು ಪಕ್ಕದ ಕೋಣೆಯಲ್ಲಿ, ಯಾವಾಗ ಬಿಡುತ್ತಾಳೋ ಅಂತ ಕಾಯುತ್ತಿದ್ದರು.

ಅಕ್ಕ ಡಬ್ಬಿಯನ್ನು ಎತ್ತಿಕೊಂಡು ಮುಚ್ಚಳ ಹಾಕಿದಳು. ಅವಳ ಕೈ ಒಂದಿಷ್ಟೂ ನಡುಗಲಿಲ್ಲ.

"ನಾನು ಬಿಡೋದು ಟ್ರ್ಯಾಕ್‌ನೇ ಅಂತ ನಿಮಗ್ಯಾರು ಹೇಳಿದ್ದು?"